ಮೋಟಾರು ಅಪಘಾತವೂ ವಕೀಲರ ನೆರವೂ

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟ ದಾರಿಯು ಎರಡಾಗಿ ಕವಲೊಡೆಯುತ್ತದೆ. ಒಂದು, ಮದ್ದೂರು ಮೂಲೆಹೊಳೆಗಳನ್ನು ಹಾದು ಕೇರಳದ ಸುಲ್ತಾನ್ ಬತ್ತೇರಿಗೆ ಹೋಗತಕ್ಕ 766ನೆಯ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು, ಮೇಲುಕಾಮನಹಳ್ಳಿ ಬಂಡೀಪುರಗಳನ್ನು ಹಾದು ತಮಿಳುನಾಡಿನ ಊಟಿಯ ಕಡೆಗೆ ಏರತಕ್ಕ 181ನೆಯದು. ಎರಡೂ ನಡುಗಾಡಿನ ದಾರಿಗಳು. 1931ರಲ್ಲಿ ಮೈಸೂರು ಮಹಾರಾಜರ ಸರ್ಕಾರವು ಅಭಯಾರಣ್ಯವೆಂದು ಕಾದಿರಿಸಿದ, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನ ನಡುವೆ, ಮೂರು ರಾಜ್ಯಗಳ ಲಾರಿ, ಬಸ್ಸು, ಕಾರುಗಳು ಹಗಲೆಲ್ಲ ಓಡಾಡುತ್ತವೆ. ರಾತ್ರಿ 9 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ ಮಾತ್ರ ಸಂಚಾರವಿಲ್ಲ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಹೊರಡಿಸಿದ ಈ ನಿರ್ಬಂಧವನ್ನು 2010ರಲ್ಲಿ ಕರ್ನಾಟಕದ ಹೈಕೋರ್ಟು ಎತ್ತಿಹಿಡಿಯಿತು. ತುರ್ತಿನ ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿಯುಂಟು.

ಈ ನಿರ್ಬಂಧದಿಂದ ಕಾಡುಮೃಗಗಳಿಗೆ ಒಳ್ಳೆಯದಾಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಎಂಟೂವರೆ ಗಂಟೆಯಾಗುತ್ತಲೆ, ಗೇಟು ಬೀಳುವುದಕ್ಕೆ ಮುಂಚೆ ದಾಟಿಬಿಡಬೇಕೆಂಬ ಒಂದು ಧಾವಂತ ಚಾಲಕರನ್ನು ಹಿಡಿಯುತ್ತದೆ. 2022ರ ಡಿಸೆಂಬರಿನ ಒಂದು ರಾತ್ರಿ ಅಂಥ ಧಾವಂತದಲ್ಲಿದ್ದ ಸರಕಿನ ಟೆಂಪೊ ಒಂದು, ಮದ್ದೂರಿನ ಕಡೆಯಿಂದ ಬೈಕಿನಲ್ಲಿ ಮನೆಗೆ ಹಿಂದಿರುಗುತ್ತಿದ್ದ ನಮ್ಮ ಭಾವನವರಿಗೆ ತಗುಲಿ ಅವರ ಎಡಗಾಲಿನ ಮೂಳೆಯನ್ನು ಎರಡು ಕಡೆ ಮುರಿಯಿತು. ಭಾವನವರು ತರಕಾರಿ ವ್ಯಾಪಾರಸ್ಥರು. ಬೆಳಗಿನ ಜಾವವೇ ಎದ್ದು ಮಂಡಿಯಲ್ಲಿ ನಿಲ್ಲತಕ್ಕ ಕಸುಬು. ಆಸ್ಪತ್ರೆಗೆ ಸೇರಿಸಿದವರು, ಪೊಲೀಸರ ಗೊಡವೆ ಯಾಕೆಂದು, “ಬೈಕಿನಿಂದ ಜಾರಿಬಿದ್ದರು” ಎಂದು ಬರೆಯಿಸಿದರು. ಮೂರನೆಯ ದಿನ ಟೆಂಪೊದ ಯಜಮಾನರು ಹಣ್ಣಿನ ಬುಟ್ಟಿಯೊಡನೆ ಬಂದು ನಲವತ್ತು ಸಾವಿರ ರೂಪಾಯಿ ಕೊಟ್ಟು, ಛಾಪಾ ಕಾಗದದ ಮೇಲೆ “ಮುಂದೆ ಯಾವ ತಕರಾರೂ ಇಲ್ಲ” ಎಂದು ರುಜು ಹಾಕಿಸಿಕೊಂಡು ಹೋದರು. ನಾನು ಆಕ್ಷೇಪಿಸಿದ್ದಕ್ಕೆ ಭಾವನವರು, “ಪೊಲೀಸು, ಕೋರ್ಟು ಅಂತ ಅಲೆಯೋದು ಯಾರಿಗೆ ಬೇಕಪ್ಪಾ? ಆ ಡ್ರೈವರು ಹುಡುಗನಿಗೂ ಹೆಂಡತಿ ಮಕ್ಕಳಿದಾರೆ” ಎಂದರು. ಸಜ್ಜನರ ಮಾತು. ಹನ್ನೊಂದು ತಿಂಗಳು ಕಳೆದ ಮೇಲೆ ಕಾಲಿನೊಳಗಿನ ಪಟ್ಟಿ ಸಡಿಲಗೊಂಡು ಎರಡನೆಯ ಶಸ್ತ್ರಚಿಕಿತ್ಸೆ ಆಗಬೇಕೆಂದಾಗ, ನಾನು ಅವರನ್ನು ಕರೆದುಕೊಂಡು ಮೈಸೂರಿನ ವಕೀಲರೊಬ್ಬರ ಮನೆಯ ಮೆಟ್ಟಲು ಹತ್ತಿದೆ. ವಕೀಲರು ಕಾಗದಗಳನ್ನೆಲ್ಲ ನೋಡಿ, ಕನ್ನಡಕವನ್ನು ತೆಗೆದಿಟ್ಟು, “ನೀವು ಮೊದಲನೆಯ ವಾರವೇ ಬರಬೇಕಾಗಿತ್ತು” ಎಂದರು.

ಹಾಗಾದರೆ ಯಾವಾಗ ಹೋಗಬೇಕು, ಯಾವಾಗ ಹೋಗಬೇಕಾದ್ದಿಲ್ಲ, ಎಂಬುದೇ ಈ ಹೊತ್ತಿನ ವಿಷಯ. ನಾನು ವಕೀಲನಲ್ಲ, ಕಾಲೇಜಿನಲ್ಲಿ ಇತಿಹಾಸವನ್ನು ಹೇಳತಕ್ಕವನು. ಭಾವನವರ ನಿಮಿತ್ತದಿಂದ ಈ ಕಾನೂನನ್ನು ಓದಬೇಕಾಯಿತು. ನಮ್ಮ ವಿದ್ಯಾವಂತರಲ್ಲಿ ಎರಡು ಪಂಗಡಗಳಿವೆ. ಬಾಗಿಲಿಗೆ ಒಂದು ಗೀಚು ಬಿದ್ದರೆ ನೋಟೀಸು ಕೊಡಿಸಹೊರಡುವವರು ಒಂದು ಕಡೆ. ಸೊಂಟ ಮುರಿದರೂ ಕೋರ್ಟಿನ ಕಟ್ಟೆಯನ್ನು ಹತ್ತುವುದು ಮಾನಕ್ಕೆ ಕಡಮೆಯೆಂದು ಭಾವಿಸುವವರು ಇನ್ನೊಂದು ಕಡೆ. ಎರಡನೆಯವರೇ ಹೆಚ್ಚೆಂದು ನನ್ನ ಎಣಿಕೆ.

ವಕೀಲರು ಬೇಡವಾದ ಸಂದರ್ಭಗಳನ್ನು ಮೊದಲು ಮುಗಿಸಿಬಿಡೋಣ. ಯಾರಿಗೂ ಗಾಯವಾಗದೆ, ಮಡ್‌ಗಾರ್ಡು ನೆಗ್ಗಿ, ದೀಪ ಒಡೆದು, ನಿಮ್ಮ ಗಾಡಿಗೆ ಪೂರ್ಣ ವಿಮೆ ಇದ್ದರೆ, ವಿಮಾ ಕಂಪೆನಿಗೆ ಕೂಡಲೆ ತಿಳಿಸಿ, ಗಾಡಿಯ ಚಿತ್ರಗಳನ್ನು ತೆಗೆದಿಟ್ಟು, ಸರ್ವೇಯರು ಬಂದು ನೋಡುವವರೆಗೆ ರಿಪೇರಿ ಮಾಡಿಸದೆ ಕಾದರೆ ಸಾಕು. ಕಂಪೆನಿಯವರು ಕೊಟ್ಟ ಹಣ ತೀರ ಕಡಮೆಯೆಂದು ತೋರಿದರೆ ಮೊದಲು ಅವರಿಗೇ ಬರೆಯಬೇಕು. ಅವರು ಸರಿಪಡಿಸದಿದ್ದರೆ ವಿಮಾ ಓಂಬುಡ್ಸ್‌ಮನ್ನರಿಗೆ ನೀವೇ ಅರ್ಜಿ ಬರೆದುಕೊಳ್ಳಬಹುದು. ಅಲ್ಲಿ ವಕೀಲರಿಗೆ ಕೆಲಸವಿಲ್ಲ.

ಮೈಗೆ ಪೆಟ್ಟಾದಾಗ ವಿಷಯವೇ ಬೇರೆಯಾಗುತ್ತದೆ. ಇಲ್ಲಿ ಸ್ವಲ್ಪ ಹಿಂದಕ್ಕೆ ನೋಡಿದರೆ ವಿಷಯ ತಿಳಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಒಂದು ವಿಚಿತ್ರವಾದ ಹಳೆಯ ಪದ್ಧತಿಯಿತ್ತು: ಗಾಡಿಯ ಚಕ್ರದಡಿಯಲ್ಲಿ ಮನುಷ್ಯನು ಸತ್ತರೆ ಆ ಚಕ್ರವಾಗಲಿ ಅದರ ಬೆಲೆಯಾಗಲಿ ದೊರೆಗೆ ಸೇರತಕ್ಕದ್ದು, ಸತ್ತವನ ಹೆಂಡತಿಗೆ ಹಕ್ಕಿನಿಂದ ಏನೂ ಇಲ್ಲ. 1846ರಲ್ಲಿ ಅದನ್ನು ರದ್ದುಗೊಳಿಸಿ, ಅದೇ ವರ್ಷ, ಸತ್ತವನ ಕುಟುಂಬಕ್ಕೆ ನಷ್ಟಪರಿಹಾರ ಕೇಳುವ ಹಕ್ಕನ್ನು ಕೊಟ್ಟರು. 1855ರಲ್ಲಿ ಬ್ರಿಟಿಷ್ ಇಂಡಿಯಕ್ಕೂ ಅಂಥದೇ ಶಾಸನವು ಬಂತು. ಆದರೆ ಸಿವಿಲ್ ದಾವೆ ಹೂಡಿ, ಚಾಲಕನ ತಪ್ಪನ್ನು ರುಜುವಾತುಮಾಡಿ, ಗೆದ್ದ ಮೇಲೂ ಗಾಡಿಯ ಯಜಮಾನನು ದಿವಾಳಿಯಾಗಿದ್ದರೆ ಫಲವೇನು? 1939ರ ಮೋಟಾರು ವಾಹನಗಳ ಶಾಸನವು ಮೂರನೆಯವರ ಪರವಾದ ವಿಮೆಯನ್ನು ಕಡ್ಡಾಯಮಾಡಿತು. ಆ ಭಾಗ 1946ರಲ್ಲಿ ಜಾರಿಗೆ ಬಂತು. 1956ರ ತಿದ್ದುಪಡಿಯಿಂದ ಈ ಅರ್ಜಿಗಳಿಗಾಗಿಯೇ ಪ್ರತ್ಯೇಕ ನ್ಯಾಯಮಂಡಲಿಗಳು ಏರ್ಪಟ್ಟವು. ಈಗ ನಡೆಯುತ್ತಿರುವುದು 1988ರ ಶಾಸನ. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಎಂದರೆ, ನಮ್ಮ ಭಾವನವರು ಕನಿಕರಪಟ್ಟ ಆ ಡ್ರೈವರು ಹುಡುಗನು ತನ್ನ ಜೇಬಿನಿಂದ ಹಣ ಕೊಡಬೇಕಾಗಿಯೇ ಇರಲಿಲ್ಲ. ಟೆಂಪೊಗೆ ವಿಮೆಯಿದ್ದಿತು, ಇಂಥ ದಿನಕ್ಕೆಂದೇ ಯಜಮಾನರು ವರ್ಷವರ್ಷವೂ ಹಣ ಕಟ್ಟಿದ್ದರು. ಈ ಒಂದು ಸಂಗತಿ ತಿಳಿಯದೆ ಎಷ್ಟೋ ಮಂದಿ ಮರ್ಯಾದಸ್ಥರು ತಮ್ಮ ಹಕ್ಕನ್ನು ದಾಕ್ಷಿಣ್ಯಕ್ಕೆ ಬಿಟ್ಟುಕೊಡುತ್ತಾರೆ.

ಹಾಗೆಂದು ಗಾಯಗೊಂಡವರನ್ನು ದಾರಿಯಲ್ಲಿ ಬಿಟ್ಟು ವಕೀಲರಿಗೆ ಟೆಲಿಫೋನು ಮಾಡಬೇಕೆಂದಲ್ಲ. ಮೊದಲನೆಯ ದಿನ ಬೇಕಾದವರು ಡಾಕ್ಟರು ಮತ್ತು ಪೊಲೀಸರು. ಗಾಯಗೊಂಡವರನ್ನು ಆಸ್ಪತ್ರೆಗೆ ತಂದ ದಾರಿಹೋಕರನ್ನು ಅವರ ಇಷ್ಟಕ್ಕೆ ವಿರೋಧವಾಗಿ ಸಾಕ್ಷಿಗೆಳೆಯಕೂಡದೆಂದು ಈಗ ಕಾನೂನೇ ಇದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1,50,000 ರೂಪಾಯಿನ ಚಿಕಿತ್ಸೆ ಮುಂಗಡ ಹಣವಿಲ್ಲದೆ ದೊರೆಯತಕ್ಕದ್ದು. ಆಸ್ಪತ್ರೆಯ ಪುಸ್ತಕದಲ್ಲಿ “ಅಪಘಾತ ಹೇಗಾಯಿತು” ಎಂಬ ಒಂದು ಸಾಲನ್ನು ಬರೆಯುತ್ತಾರಷ್ಟೆ. ಆ ಒಂದು ಸಾಲಿನ ಮೇಲೆ ಮುಂದೆ ಎರಡು ವರ್ಷ ವಾದ ನಡೆಯುವುದುಂಟು. ಅದು ನಿಜವಾಗಿರಬೇಕು. ಗಾಯಗೊಂಡವರಿಗೆ ಪ್ರಜ್ಞೆಯಿಲ್ಲದಿದ್ದರೆ ಜೊತೆಯವರು ನಿಜವನ್ನು ಹೇಳಬೇಕು. ಫಿರ್ಯಾದು ಕೊಟ್ಟ ಮೇಲೆ ಪೊಲೀಸರು 48 ಗಂಟೆಗಳೊಳಗೆ ಮೊದಲನೆಯ ವರದಿಯನ್ನು ನ್ಯಾಯಮಂಡಲಿಗೂ ವಿಮಾ ಕಂಪೆನಿಗೂ ಕಳುಹಿಸಬೇಕು. 90 ದಿನಗಳೊಳಗೆ ವಿವರವಾದ ವರದಿಯನ್ನೊಪ್ಪಿಸಬೇಕು. 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮಗಳು ಹೀಗೆ ಹೇಳುತ್ತವೆ. ಎಲ್ಲ ಠಾಣೆಗಳಲ್ಲಿಯೂ ಎಲ್ಲ ಸಲವೂ ಹಾಗೆ ನಡೆಯುವುದೆಂದು ನಂಬಿ ಕೂತಿರಬಾರದು. ವಕೀಲರನ್ನು ಕಾಣಲು ತಕ್ಕ ಸಮಯ ಇದೇ. ಮೂಳೆ ಮುರಿದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಒಂದು ರಾತ್ರಿಗಿಂತ ಹೆಚ್ಚು ಆಸ್ಪತ್ರೆಯಲ್ಲಿ ಇರಬೇಕಾದರೆ, ಪ್ರಾಣವೇ ಹೋಗಿದ್ದರಂತೂ, ಮೊದಲನೆಯ ಒಂದೆರಡು ವಾರಗಳೊಳಗೆ ಮನೆಯವರಲ್ಲೊಬ್ಬರು ಹೋಗಿ ಕಂಡುಬರಬೇಕು. ಮಹಜರು ಸರಿಯಾಗಿದೆಯೆ, ಗಾಡಿಯ ನಂಬರೂ ವಿಮೆಯ ವಿವರವೂ ದಾಖಲಾಗಿವೆಯೆ, ಎಂಬುದನ್ನು ಆಗಲೇ ನೋಡಿ ತಿದ್ದಿಸಬಹುದು. ವರ್ಷದ ಮೇಲೆ ತಿದ್ದಿಸಲಾಗುವುದಿಲ್ಲ.

ಅವಸರಕ್ಕೆ ಇನ್ನೂ ಒಂದು ಕಾರಣವಿದೆ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿಯನ್ನು ಹಾಕಬೇಕೆಂಬ ನಿಯಮ ಜಾರಿಗೆ ಬಂದಿದೆ. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ, ಬರೀ ತಡವಾಯಿತೆಂಬ ಕಾರಣದಿಂದ ಅರ್ಜಿಗಳನ್ನು ವಜಾ ಮಾಡಕೂಡದೆಂದು ಮಧ್ಯಂತರ ಆಜ್ಞೆ ಕೊಟ್ಟಿತು. ಮಧ್ಯಂತರ ಆಜ್ಞೆ ಅಂತಿಮ ತೀರ್ಪಲ್ಲ. ಆರು ತಿಂಗಳೆಂದೇ ಎಣಿಸಿಕೊಂಡು ನಡೆಯುವುದು ಕ್ಷೇಮ.

ಬಂಡೀಪುರದ ದಾರಿಯಲ್ಲಿ ಪೆಟ್ಟಾದವರಿಗೆ ಇನ್ನೊಂದು ಭಯವಿರುವುದನ್ನು ಕಂಡಿದ್ದೇನೆ. ಬೆಂಗಳೂರಿನವರು ವಯನಾಡಿಗೆ ಹೊರಟಿದ್ದರು. ಢಿಕ್ಕಿ ಹೊಡೆದ ಲಾರಿ ಕೋಳಿಕೋಡಿನದು. ಅಪಘಾತವಾದದ್ದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ. ಇನ್ನು ವಾಯಿದೆ ವಾಯಿದೆಗೂ ಊರೂರು ಅಲೆಯಬೇಕೆ? ಬೇಕಾಗಿಲ್ಲ. ಅಪಘಾತ ನಡೆದ ಸ್ಥಳದ ನ್ಯಾಯಮಂಡಲಿ, ಅರ್ಜಿದಾರರು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ್ದು, ಎದುರುಪಕ್ಷದವರು ವಾಸಿಸುವ ಸ್ಥಳದ್ದು, ಈ ಮೂರರಲ್ಲಿ ಬೇಕಾದಲ್ಲಿ ಅರ್ಜಿಯನ್ನು ಕೊಡಬಹುದು. ಬೆಂಗಳೂರಿನವರು ಬೆಂಗಳೂರಿನಲ್ಲಿಯೇ ಕೊಡಬಹುದು. ಫಿರ್ಯಾದು ಯಾವ ರಾಜ್ಯದ ಠಾಣೆಗೆ ಸೇರಿದ್ದೆಂದು ಕಾಡಿನ ನಡುವೆ ಗೊತ್ತಾಗದಿದ್ದರೂ ಚಿಂತೆಯಿಲ್ಲ. 2024ರ ಜುಲೈಯಿಂದ ನಡೆಯುತ್ತಿರುವ ಹೊಸ ದಂಡಪ್ರಕ್ರಿಯೆಯ ಸಂಹಿತೆಯಂತೆ ಯಾವ ಠಾಣೆಯಲ್ಲಿಯಾದರೂ ಬರೆದುಕೊಂಡು ಸರಿಯಾದ ಠಾಣೆಗೆ ಕಳುಹಿಸತಕ್ಕದ್ದು.

ಇನ್ನು ಹಣದ ಮಾತು. ಯಾರದು ತಪ್ಪು ಎಂಬ ವಿಚಾರಣೆಯಿಲ್ಲದೆ, ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗಳನ್ನು ಕೊಡಿಸತಕ್ಕ ಒಂದು ಕಲಮು ಈಗಿನ ಶಾಸನದಲ್ಲಿದೆ. ಬೇಗನೆ ಕೈಸೇರುವ ಹಣವೆಂದು ಜನ ಒಪ್ಪುವುದು ಸಹಜ. ಆದರೆ ತಪ್ಪನ್ನು ರುಜುವಾತುಮಾಡಿ ಪೂರ್ಣ ಪರಿಹಾರ ಕೇಳಿದರೆ ಎಷ್ಟಾಗುತ್ತದೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಡವೆ? ಕಾಗದ ಪೆನ್ಸಿಲು ಹತ್ತಿರವಿದ್ದವರು ಬರೆದುಕೊಳ್ಳಬಹುದು. 32 ವರ್ಷದ ಒಬ್ಬ ಚೆಂಡುಹೂವಿನ ಬೇಸಾಯಗಾರನು ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದನೆನ್ನಿ; ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಹೀಗೆ ನಾಲ್ವರು ಅವನನ್ನು ನಂಬಿದ್ದರು. ಮುಂದೆ ಆತನ ಸಂಪಾದನೆ ಹೆಚ್ಚುತ್ತಿತ್ತೆಂದು 40 ವಯಸ್ಸಿನೊಳಗಿನ ಸ್ವಂತ ದುಡಿಮೆಯವರಿಗೆ ನೂರಕ್ಕೆ 40ರಂತೆ ಸೇರಿಸುತ್ತಾರೆ, 21,000 ಆಯಿತು. ತನ್ನ ಸ್ವಂತ ಖರ್ಚಿಗೆ ನಾಲ್ಕನೆಯ ಒಂದು ಪಾಲೆಂದು ಕಳೆದರೆ 15,750 ಉಳಿಯಿತು. ವರ್ಷಕ್ಕೆ 1,89,000. ಆ ವಯಸ್ಸಿಗೆ ಗೊತ್ತಾದ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಗುಣಕದ ಪಟ್ಟಿಯನ್ನು ಸುಪ್ರೀಂ ಕೋರ್ಟು 2009ರಲ್ಲಿ ನಿಗದಿಮಾಡಿತು. ನೂರಕ್ಕೆ ನಲವತ್ತರ ಮಾತು 2017ರ ತೀರ್ಪಿನದು. ಅಂತ್ಯಕ್ರಿಯೆಯ ಖರ್ಚು ಮೊದಲಾದ ಬಾಬುಗಳು ಇದರ ಮೇಲೆ. ಐದು ಲಕ್ಷವೆಲ್ಲಿ, ಮೂವತ್ತು ಲಕ್ಷವೆಲ್ಲಿ! ಮೊದಲನೆಯದನ್ನು ರಾಜಿಯಲ್ಲಿ ಒಪ್ಪಿಕೊಂಡರೆ ಎರಡನೆಯದಕ್ಕೆ ಹಾಕಿದ ಅರ್ಜಿಯು ಬಿದ್ದುಹೋಗುತ್ತದೆ. ಗಂಡನನ್ನು ಕಳೆದುಕೊಂಡು ಹದಿನೈದು ದಿನವಾಗಿಲ್ಲದ ಹೆಂಗಸಿನ ಮುಂದೆ ಕಾಗದವನ್ನು ಚಾಚಿದಾಗ, ಈ ಲೆಕ್ಕವನ್ನು ಆಕೆಗೆ ಹೇಳುವವರು ಯಾರು? ಅಲ್ಲಿ ವಕೀಲರು ಬೇಕು. ಚಾಲಕನ ತಪ್ಪು ಅನುಮಾನಾಸ್ಪದವಾಗಿದ್ದಾಗ 5 ಲಕ್ಷವನ್ನು ಒಪ್ಪುವುದೇ ಜಾಣತನವಾಗಬಹುದು. ಅದನ್ನು ತೂಗಿ ನೋಡಿ ಹೇಳುವುದಕ್ಕೂ ಅವರೇ ಬೇಕು.

ಬದುಕಿ ಉಳಿದವರ ಲೆಕ್ಕ ಇದಕ್ಕಿಂತ ತೊಡಕಿನದು. ಡಾಕ್ಟರರು ಅಂಗದ ಊನವನ್ನು ನೂರಕ್ಕಿಷ್ಟೆಂದು ಬರೆದುಕೊಡುತ್ತಾರೆ. ಆದರೆ ಅಂಗದ ಊನ ಬೇರೆ, ದುಡಿಮೆಗಾದ ಊನ ಬೇರೆ, ಎಂದು ಸುಪ್ರೀಂ ಕೋರ್ಟು 2010ರ ಕೊನೆಯ ವೇಳೆಗೆ ಬಂದ ಒಂದು ತೀರ್ಪಿನಲ್ಲಿ ವಿವರಿಸಿದೆ. ಎಡಗೈ ಹೋದ ಗುಮಾಸ್ತನು ತನ್ನ ಕುರ್ಚಿಯಲ್ಲಿ ಮುಂದುವರಿಯಬಹುದು. ಅದೇ ಬಡಗಿಗಾದರೆ ಅಥವಾ ಚಾಲಕನಿಗಾದರೆ ಕಸುಬೇ ಹೋಯಿತು. ನನಗೆ ಕಾಲು ಮುರಿದಿದ್ದರೆ ಕುಳಿತೇ ಪಾಠ ಹೇಳಬಹುದಾಗಿತ್ತು; ಭಾವನವರಿಗೆ ನಿಂತೇ ವ್ಯಾಪಾರ. ಇದನ್ನು ಸಾಕ್ಷ್ಯದಿಂದ ತೋರಿಸಿಕೊಡಬೇಕು, ಡಾಕ್ಟರರನ್ನು ಕರೆಯಿಸಿ ಹೇಳಿಸಬೇಕು. ಆದಕಾರಣ ಗಾಯವು ಎಲ್ಲಿಗೆ ಬಂದು ನಿಂತಿತೆಂದು ಡಾಕ್ಟರರು ಹೇಳುವುದಕ್ಕೆ ಮುಂಚೆ ಪೂರ್ಣ ಸಂದಾಯದ ಕಾಗದಕ್ಕೆ ರುಜು ಹಾಕಕೂಡದು. ಲೋಕ ಅದಾಲತ್ತಿನ ರಾಜಿಗೂ ಈ ಮಾತು ಸಲ್ಲುತ್ತದೆ. ಅದಾಲತ್ತು ಒಳ್ಳೆಯ ಏರ್ಪಾಡು, ಬೇಗ ಮುಗಿಯುತ್ತದೆ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ಮೊತ್ತ ನ್ಯಾಯವಾದುದೆ ಎಂದು ಒಳಗೆ ಹೋಗುವುದಕ್ಕೆ ಮುಂಚೆಯೇ ಕೇಳಿಕೊಂಡಿರಬೇಕು.

ಇಷ್ಟು ಹೊತ್ತೂ ಪೆಟ್ಟು ತಿಂದವರ ಮಾತಾಯಿತು. ಗಾಡಿಯನ್ನು ನಡೆಸುತ್ತಿದ್ದವರು ನೀವೇ ಆಗಿದ್ದು ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ? ಆಗ ಅದೇ ದಿನ ವಕೀಲರು ಬೇಕು. ಹಾಗೆಂದು ಓಡಿಹೋಗತಕ್ಕದ್ದಲ್ಲ, ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದೂ, 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸುವುದೂ, ವಿಮಾ ಕಂಪೆನಿಗೆ ಬರೆಯುವುದೂ ಚಾಲಕನ ಕರ್ತವ್ಯವೆಂದು ಶಾಸನವೇ ವಿಧಿಸಿದೆ. ಅಜಾಗರೂಕತೆಯಿಂದ ಮರಣವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ನಡೆದದ್ದನ್ನು ಸತ್ಯವಾಗಿ ಹೇಳಿ, ಊಹೆಯನ್ನು ಸೇರಿಸದೆ, ಹೇಳಿಕೆ ಕೊಡುವುದಕ್ಕೆ ಮುಂಚೆ ವಕೀಲರೊಡನೆ ಮಾತನಾಡುವುದು ಪ್ರತಿಯೊಬ್ಬರ ಹಕ್ಕು. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಬಂಡೀಪುರಕ್ಕೇ ವಿಶೇಷವಾದ ಒಂದು ಸಂಗತಿಯುಂಟು. ಎದುರಿಗೆ ಬಂದದ್ದು ಇನ್ನೊಂದು ಗಾಡಿಯಲ್ಲದೆ, ಜಿಂಕೆಯೋ ಕಡವೆಯೋ ಆನೆಯೋ ಆದರೆ? 1972ರ ವನ್ಯಜೀವಿ ಸಂರಕ್ಷಣಾ ಶಾಸನದಲ್ಲಿ, ಬೇಟೆ ಎಂಬ ಪದದ ನಿರ್ವಚನದೊಳಗೆ ಕೊಲ್ಲುವುದಲ್ಲದೆ ಗಾಯಗೊಳಿಸುವುದೂ ಸೇರಿದೆ. ಗಾಡಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಅರಣ್ಯಾಧಿಕಾರಿಗಳಿಗಿದೆ. ಬುದ್ಧಿಪೂರ್ವಕವಾಗಿ ಮಾಡಿದ್ದಲ್ಲವೆಂಬುದು ಸಮಾಧಾನವೇ ಹೊರತು, ಅದನ್ನು ಹೇಳುವ ಸ್ಥಳವೂ ಕ್ರಮವೂ ಬೇರೆ. ಚೆಕ್‌ಪೋಸ್ಟಿಗೆ ಕೂಡಲೆ ತಿಳಿಸಬೇಕು, ವಕೀಲರಿಗೂ ಅಂದೇ ತಿಳಿಸಬೇಕು. ಪ್ರಾಣಿಯನ್ನು ತಪ್ಪಿಸಹೋಗಿ ಗಾಡಿಯೇ ಮರಕ್ಕೆ ತಗುಲಿದರೆ, ಪರಿಹಾರ ಕೊಡುವವರು ಯಾರೆಂಬ ಪ್ರಶ್ನೆ ಏಳುತ್ತದೆ. ಚಾಲಕನು ತನ್ನದೇ ತಪ್ಪಿಗೆ ಇನ್ನೊಬ್ಬರಿಂದ ಪರಿಹಾರ ಕೇಳಲಾರನು. 2014ರಲ್ಲಿ ಅರಸೀಕೆರೆಯ ದಾರಿಯಲ್ಲಿ ಕಾರು ಮಗುಚಿ ಸತ್ತ ಚಾಲಕರೊಬ್ಬರ ಕುಟುಂಬವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅತಿವೇಗವು ಅವರದೇ ಆದುದರಿಂದ ಪರಿಹಾರವಿಲ್ಲವೆಂದ ನಮ್ಮ ಹೈಕೋರ್ಟಿನ ತೀರ್ಪನ್ನು ಬದಲಾಯಿಸಲು 2025ರ ಜುಲೈಯಲ್ಲಿ ಆ ಕೋರ್ಟು ಒಪ್ಪಲಿಲ್ಲ. ಸ್ನೇಹಿತರ ಬೈಕನ್ನು ಎರವು ತಂದವರ ಸ್ಥಿತಿಯೂ ಇದೇ. ಎರವು ತಂದವನು ಯಜಮಾನನ ಸ್ಥಾನದಲ್ಲಿಯೇ ನಿಂತಂತೆ ಎಂದು, ಇಳಕಲ್ಲು ಕುಷ್ಟಗಿ ದಾರಿಯ ಒಂದು ಅಪಘಾತದ ಮೊಕದ್ದಮೆಯಲ್ಲಿ 2009ರಲ್ಲಿ ತೀರ್ಮಾನವಾಗಿದೆ. ಇಂಥಲ್ಲಿ ಆಸರೆಯೆಂದರೆ ಯಜಮಾನ ಚಾಲಕನಿಗೆಂದು ವಿಮೆಯೊಡನೆ ಪಡೆಯುವ 15 ಲಕ್ಷ ರೂಪಾಯಿನ ವೈಯಕ್ತಿಕ ಅಪಘಾತ ವಿಮೆ. ಕಾರಿನಲ್ಲಿದ್ದ ಇತರರಿಗೆ ಎಷ್ಟು ಸಿಕ್ಕೀತೆಂಬುದು ವಿಮೆಯ ಬಗೆಯನ್ನು ಅನುಸರಿಸಿದ್ದು. ಪಾಲಿಸಿಯ ಕಾಗದವನ್ನು ವಕೀಲರ ಮುಂದಿಟ್ಟೇ ಕೇಳಬೇಕು.

ವಕೀಲರನ್ನು ಹೇಗೆ ಆರಿಸಬೇಕೆಂದು ಕೇಳುತ್ತೀರಿ. ಯಾರನ್ನು ಆರಿಸಕೂಡದೆಂದು ಹೇಳುವುದು ಸುಲಭ. ಆಸ್ಪತ್ರೆಯ ಮಂಚದ ಬಳಿಗೆ ತಾವಾಗಿಯೇ ಬಂದು ವಕಾಲತ್ತಿಗೆ ರುಜು ಕೇಳುವ ದಲ್ಲಾಳಿಗಳನ್ನು ದೂರವಿಡಬೇಕು. ಬಂದ ಹಣದಲ್ಲಿ ನೂರಕ್ಕಿಷ್ಟು ಪಾಲೆಂದು ಒಪ್ಪಂದ ಮಾಡಿಕೊಳ್ಳುವುದು ಅಮೆರಿಕದಲ್ಲಿ ವಾಡಿಕೆ. ನಮ್ಮ ದೇಶದ ಬಾರ್ ಕೌನ್ಸಿಲಿನ ನಿಯಮಗಳು ಅದನ್ನೂ, ಕಕ್ಷಿಗಾರರನ್ನು ಹುಡುಕಿಕೊಂಡು ಹೋಗುವುದನ್ನೂ ನಿಷೇಧಿಸಿವೆ. ಶುಲ್ಕವೆಷ್ಟೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ಶುಲ್ಕಕ್ಕೆ ಶಕ್ತಿಯಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರದ ಶಾಸನವಿದೆ. ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡಗಳವರು, ಇವರಿಗೆ ವರಮಾನದ ಪ್ರಶ್ನೆಯಿಲ್ಲದೆ ಉಚಿತವಾಗಿ ವಕೀಲರು ದೊರೆಯುತ್ತಾರೆ. ಗಂಡನನ್ನು ಕಳೆದುಕೊಂಡ ಆ ಹೆಂಗಸು ಚಾಮರಾಜನಗರದ ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆದರೆ ಸಾಕು.

ನಮ್ಮ ಭಾವನವರ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ವಕೀಲರು ತಡವಾಗಿಯಾದರೂ ಫಿರ್ಯಾದು ಬರೆಯಿಸಿದರು. ಅಂದು ಅವರನ್ನು ಆಸ್ಪತ್ರೆಗೆ ಸೇರಿಸಿದ ಇಬ್ಬರು, “ಜಾರಿಬಿದ್ದರು” ಎಂದು ತಾವೇ ಬರೆಯಿಸಿದ್ದೆಂದು ಒಪ್ಪಿ ಪ್ರಮಾಣಪತ್ರ ಕೊಟ್ಟರು. ಕಾಲಾವಧಿ ಮೀರಿದ ಅರ್ಜಿಯೆಂದು ವಿಮಾ ಕಂಪೆನಿಯವರು ತಕರಾರು ತೆಗೆದರು. ಮೇಲೆ ಹೇಳಿದ ಮಧ್ಯಂತರ ಆಜ್ಞೆಯಿಂದ ಸದ್ಯಕ್ಕೆ ಅರ್ಜಿ ಉಳಿದಿದೆ. ಛಾಪಾ ಕಾಗದದ ಆ ನಲವತ್ತು ಸಾವಿರದ ಮೇಲೆ ಇನ್ನೂ ವಾದ ನಡೆಯಬೇಕು. ಟೆಂಪೊದ ಹುಡುಗನು ಕಳೆದ ವಾಯಿದೆಗೆ ಬಂದಿದ್ದವನು, ಭಾವನವರನ್ನು ಕಂಡು ಕೈಮುಗಿದು, “ಕಾಲು ಹೆಂಗದೆ ಯಜಮಾನ್ರೇ?” ಎಂದು ವಿಚಾರಿಸಿದನು. ಕೋಲೂರಿಕೊಂಡು ನಿಂತಿದ್ದ ಭಾವನವರು, ನಡೆಯುವುದಕ್ಕೆ ಅಡ್ಡಿಯಿಲ್ಲವೆಂದೂ, ಮಂಡಿಯಲ್ಲಿ ಮಾತ್ರ ಈಗ ಮಗನು ನಿಲ್ಲುತ್ತಾನೆಂದೂ ಹೇಳಿದರು.